ಐವತ್ತು ವರ್ಷದ ನೋವಿಗೆ ಈಗ ಚಿಕಿತ್ಸೆಯೇ?

ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಮಾಜಿ ಸೈನಿಕರ ಮಾನಸಿಕ ಚಿಕಿತ್ಸೆಯ ಕುರಿತು ಓದಿದ ಲೇಖನವೊಂದರಲ್ಲಿ, ಎಪ್ಪತ್ತು ದಾಟಿದವರ ಹಳೆಯ ನೋವನ್ನು ಈಗ ಕೆದಕಿ ಪ್ರಯೋಜನವಿಲ್ಲ ಎಂಬ ಮಾತು ಬಂದಿದೆ. ಅದನ್ನು ಒಪ್ಪುವುದು ಕಷ್ಟ. ಅವರು ಮನೆಗೆ ಮರಳಿದಾಗ ಆ ಸಂಕಟಕ್ಕೆ ಸರಿಯಾದ ಹೆಸರೂ ಇರಲಿಲ್ಲ. ಪಿಟಿಎಸ್‌ಡಿ, ಅಂದರೆ ಭೀಕರ ಅನುಭವದ ಬಳಿಕ ಬಹುಕಾಲ ಕಾಡುವ ಮಾನಸಿಕ ಕಾಯಿಲೆ, ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯನ್ನು ಸೇರಿದ್ದೇ 1980ರಲ್ಲಿ, ಸೈಗಾನ್ ಪತನವಾಗಿ ಆ ಯುದ್ಧ ಮುಗಿದ ಐದು ವರ್ಷಗಳ ಮೇಲೆ. ಹೆಸರಿಲ್ಲದ ಆ ನೋವನ್ನು ಅನೇಕರು ದುಡಿಮೆಯಲ್ಲಿ, ಕೆಲವರು ಮದ್ಯದಲ್ಲಿ ಮುಚ್ಚಿಟ್ಟರು. ನಿವೃತ್ತಿಯ ಬಿಡುವೋ ಸಂಗಾತಿಯ ಸಾವೋ ಎದುರಾದಾಗ ಅದು ತಾನಾಗಿಯೇ ಮೇಲೇಳುತ್ತದೆ, ಕೆದಕುವವರು ಚಿಕಿತ್ಸಕರಲ್ಲ.

ಇನ್ನು, ಮಾತಿನ ಚಿಕಿತ್ಸೆ ಎಂದರೆ ಬರಿಯ ಸಾಂತ್ವನವೂ ಅಲ್ಲ. ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಎಂಬ ಪದ್ಧತಿಯಲ್ಲಿ, ‘ಗೆಳೆಯ ಸತ್ತದ್ದು ನನ್ನಿಂದಲೇ’ ಎಂಬಂತಹ ದಶಕಗಳ ನಂಬಿಕೆಯನ್ನು, ಆ ಕ್ಷಣದಲ್ಲಿ ಇಪ್ಪತ್ತರ ಹುಡುಗನೊಬ್ಬನಿಗೆ ನಿಜವಾಗಿ ಏನು ತಿಳಿದಿತ್ತು, ಏನು ಮಾಡಲು ಸಾಧ್ಯವಿತ್ತು ಎಂಬ ಪ್ರಶ್ನೆಗಳ ಮೂಲಕ ಸುಮಾರು 12 ಭೇಟಿಗಳಲ್ಲಿ ಒರೆಗೆ ಹಚ್ಚಲಾಗುತ್ತದೆ. ಅಲ್ಲಿನ ಮಾಜಿ ಸೈನಿಕರ ಇಲಾಖೆ ಮತ್ತು ರಕ್ಷಣಾ ಇಲಾಖೆ 2023ರಲ್ಲಿ ಹೊರತಂದ ಮಾರ್ಗಸೂಚಿಯೂ ಔಷಧಿಗಿಂತ ಇಂತಹ ಚಿಕಿತ್ಸೆಗೇ ಆದ್ಯತೆ ನೀಡಿದೆ.

ಆದರೆ ಈ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವವರು ಬಹಳ ಮಂದಿ, ಇದನ್ನು ಆ ಲೇಖನ ಹೇಳಬೇಕಿತ್ತು. ಕಿವಿ ಮಂದವಾದವರಿಗೆ, ನೆನಪು ಸೋಲುತ್ತಿರುವವರಿಗೆ ಭೇಟಿಯ ವೇಗವನ್ನು ತಗ್ಗಿಸಿ, ಚಿಕಿತ್ಸೆಯ ಭಾಗವಾಗಿ ಮನೆಯಲ್ಲಿ ಬರೆಯಬೇಕಾದ ಹಾಳೆಗಳನ್ನು ದೊಡ್ಡ ಅಕ್ಷರದಲ್ಲಿ ಕೊಡುವಷ್ಟು ವ್ಯವಧಾನವಾದರೂ ಬೇಕು.