ಕಿತಾವಾ ದ್ವೀಪದ ಮಕ್ಕಳ ಮೆಸೇಜ್ ಬಗ್ಗೆ ಒಂದು ಸ್ಪಷ್ಟನೆ

ಬೆಂಗಳೂರಿನ ಅಮ್ಮಂದಿರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ. ಪಪುವಾ ನ್ಯೂಗಿನಿಯ ಕಿತಾವಾ ದ್ವೀಪದ ಮಕ್ಕಳು ಬರೀ ಗೆಡ್ಡೆ, ತೆಂಗಿನಕಾಯಿ ತಿಂದು ಗಟ್ಟಿಮುಟ್ಟಾಗಿ ಬೆಳೆಯುತ್ತಾರೆ, ನಮ್ಮ ಮಕ್ಕಳಿಗೂ ಹಾಲು, ಬೇಳೆ, ಮೊಟ್ಟೆ ಬೇಡ, ಬೆಳವಣಿಗೆ ಚಾರ್ಟ್ ಕೂಡ ಫಾರಿನ್ ಮಕ್ಕಳದ್ದು ಅಂತ. ನಂಬಬೇಡಿ.

ಸ್ವೀಡನ್ನಿನ ವೈದ್ಯ ಸ್ಟಾಫಾನ್ ಲಿಂಡೆಬೆರಿ 1990ರ ಸುಮಾರಿಗೆ ಅಲ್ಲಿ ಅಧ್ಯಯನ ಮಾಡಿದ್ದು ನಿಜ. ಆದರೆ ಅದರಿಂದ ಹೆಸರಾದದ್ದು ದೊಡ್ಡವರಲ್ಲಿ ಹೃದಯರೋಗ, ಪಾರ್ಶ್ವವಾಯು ತೀರಾ ಕಡಿಮೆ ಅನ್ನುವ ವಿಷಯ. ಮಕ್ಕಳ ಎತ್ತರಕ್ಕೂ ಅದಕ್ಕೂ ಸಂಬಂಧವಿಲ್ಲ. ಮತ್ತೆ ಕಿತಾವಾದವರು ಮೀನನ್ನೂ ತಿನ್ನುತ್ತಾರೆ, ಅದು ಮೆಸೇಜಿನಲ್ಲಿ ಎಲ್ಲಿ ಮಾಯವಾಯಿತೋ!

ಇಡೀ ಪಪುವಾ ನ್ಯೂಗಿನಿ ನೋಡಿದರೆ ಐದು ವರ್ಷದೊಳಗಿನ ಸುಮಾರು ಅರ್ಧದಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಪದೇ ಪದೇ ಭೇದಿ, ಮಲೇರಿಯಾ ಒಂದು ಕಡೆ, ಗೆಡ್ಡೆ ಜಾಸ್ತಿ ಇರುವ ಊಟ ಇನ್ನೊಂದು ಕಡೆ. ಆರು ತಿಂಗಳ ಮಗುವಿನ ಹೊಟ್ಟೆ ಪುಟ್ಟದು ಅಲ್ವಾ, ನಾಲ್ಕು ಚಮಚ ಗೆಣಸಿಗೇ ತುಂಬಿಬಿಡುತ್ತದೆ, ಪ್ರೋಟೀನ್, ಕಬ್ಬಿಣ, ಸತುವಿಗೆ ಜಾಗವೇ ಉಳಿಯುವುದಿಲ್ಲ.

ಇನ್ನು ಚಾರ್ಟ್. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ತಂದ ಅಳತೆಗೆ ಆರು ದೇಶಗಳ ಮಕ್ಕಳನ್ನು ನೋಡಿದ್ದರು, ಅದರಲ್ಲಿ ದೆಹಲಿಯ ಮಕ್ಕಳೂ ಇದ್ದರು. ಗೆಣಸು ಕೊಡಿ, ಜೊತೆಗೆ ಬೇಳೆಯನ್ನೋ ಮೊಟ್ಟೆಯನ್ನೋ ಕಿವುಚಿ ಕೊಡಿ. ಅಂಗನವಾಡಿಯಲ್ಲಿ ತೂಕ, ಎತ್ತರ ಬರೆಸುವುದನ್ನು ಸುಮ್ನೆ ಬಿಡಬೇಡಿ.