ಲೈಟ್ ಗೇಮಿಂಗ್

ಮಗನಿಗೆ ಕಂಪ್ಯೂಟರ್ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬೇಕಾಯಿತು. ಮನೆಯಲ್ಲಿರುವುದು ಹಳೇ ಐ3 ಕಂಪ್ಯೂಟರ್. ಅದರಲ್ಲಿ ಅರ್ಜಿ ತುಂಬಬಹುದು, ಕಾರು ಓಡಿಸಲು ಆಗುವುದಿಲ್ಲ. "ದೊಡ್ಡ ಆಟ ಅಲ್ಲಪ್ಪ, ಲೈಟ್ ಗೇಮಿಂಗ್ ಅಷ್ಟೇ" ಎಂದ. ರಾಯಚೂರಿನಲ್ಲೇ ಹುಟ್ಟಿ ಬೆಳೆದ ನನಗೆ ಥಟ್ಟನೆ ಅರ್ಥವಾಯಿತು. ಲೈಟ್ ಇದ್ದಾಗ ಆಡುವ ಆಟ.

ತೀನ್ ಕಂದೀಲ್ ದಾಟಿ ಅಂಗಡಿಗೆ ಹೋದೆವು. ಊರ ನಡುವಿನ ವೃತ್ತಕ್ಕೆ ಮೂರು ಕಂದೀಲಿನ ಹೆಸರಿಟ್ಟ ಹಿರಿಯರು ಮುಂದಿನದನ್ನು ಬಲ್ಲವರೇ ಇರಬೇಕು.

"ಎಷ್ಟು ಜಿಬಿ ಕೊಡ್ಲಿ?" ಅಂಗಡಿಯವನು ಕೇಳಿದ, ಗಂಜ್‌ನಲ್ಲಿ ತೊಗರಿಬೇಳೆ ತೂಗುವವರ ಹಾಗೆ. "4 ಜಿಬಿದು ಒಯ್ರಿ ಸರ್, ಜಾಸ್ತಿ ಅದ." ಮಗ ತಲೆ ಅಲ್ಲಾಡಿಸಿದ. ಜಿಬಿ ಅಂದರೆ ಗೋದಾಮು ಮಾತ್ರ ಅಂತೆ. ಗೋದಾಮು ಎಷ್ಟು ದೊಡ್ಡದಿದ್ದರೇನು, ಚೀಲ ಹೊರಲು ಒಬ್ಬನೇ ಹಮಾಲ ಇದ್ದರೆ? ಜಿಟಿ 1030 ಎಂಬ ಒಂದೇ ಹೆಸರಿನ ಕಾರ್ಡಿನಲ್ಲಿ, ಮೆಮೊರಿಗೆ ತಕ್ಕಂತೆ ಎರಡು ಬಗೆ ಇವೆಯಂತೆ. 2017ರ ಜಿಡಿಡಿಆರ್5 ಬಗೆಯದು ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ. 2018ರ ಡಿಡಿಆರ್4 ಬಗೆಯದು 17 ಕೂಡ ಮುಟ್ಟುವುದಿಲ್ಲ. ಚೀಲದ ಮೇಲೆ ಸೋನಾ ಮಸೂರಿ, ಒಳಗೆ ಬೇರೆ ಅಕ್ಕಿ. ನಮ್ಮ ಕಡೆಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಪ್ರಶ್ನೆ ಕರೆಂಟಿನದು. ಕಂಪ್ಯೂಟರಿನೊಳಗೆ ಕರೆಂಟ್ ಹಂಚುವ ನಮ್ಮ ಎಸ್‌ಎಂಪಿಎಸ್ ಡಬ್ಬಿಯ ಮೇಲೆ 450 ವ್ಯಾಟ್ ಎಂದಿದೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದು. ಗಂಡಿನ ಕಡೆಯವರು ಹೇಳುವ ಸಂಬಳದ ಹಾಗೆ, ಅರ್ಧಕ್ಕೇ ಲೆಕ್ಕ ಹಿಡಿಯಬೇಕು. ಹಾಗಾಗಿ ಬೇರೆ ವೈರ್ ಕೇಳದ, ಮದರ್‌ಬೋರ್ಡಿನ ಸ್ಲಾಟಿನಿಂದಲೇ ಉಣ್ಣುವ ಕಾರ್ಡ್ ಬೇಕು. ಆ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಅಷ್ಟರಲ್ಲೇ ನಡೆಯುವ ಜಿಟಿಎಕ್ಸ್ 1650 ಸಿಕ್ಕಿತು. ಸೆಕೆಂಡ್ ಹ್ಯಾಂಡ್.

75 ವ್ಯಾಟ್ ಅಂದರೆ ಹಳೇ ಸೀಲಿಂಗ್ ಫ್ಯಾನ್ ಎಳೆಯುವಷ್ಟು. ಆಟೋದಲ್ಲಿ ಬರುವಾಗ ನನಗೆ ಹೆಮ್ಮೆ ಉಕ್ಕಿತು. ನಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರ 1720 ಮೆಗಾವ್ಯಾಟ್‌ನದು, ಯರಮರಸ್‌ನದು 1600. ಎರಡೂ ಪೂರ್ತಿ ಓಡಿದರೆ ಇಂಥ 4 ಕೋಟಿ 42 ಲಕ್ಷ ಕಾರ್ಡ್ ಒಟ್ಟಿಗೇ ತಿರುಗಿಸಬಹುದು. ನಮ್ಮದು ಒಂದೇ ಒಂದು. ಕಲ್ಲಿದ್ದಲು ಉರಿಯುವುದು ನಮ್ಮಲ್ಲಿ, ನೀರು ನಮ್ಮ ಕೃಷ್ಣೆಯದು, ಹಾರುಬೂದಿಯಂತೂ ನಮಗೇ ಮೀಸಲು. ಕರೆಂಟ್ ಮಾತ್ರ ಓದಿ ನೌಕರಿಗೆ ಸೇರಿದ ಮಗನ ಥರ. ಹುಟ್ಟಿದ ಕೂಡಲೇ ಬೆಂಗಳೂರು ಬಸ್ ಹತ್ತುತ್ತದೆ.

ಸಂಜೆ ಕಾರ್ಡ್ ಕೂರಿಸಿದೆವು. ಹೊರಗೆ 42 ಡಿಗ್ರಿ. ಡ್ರೈವರ್ ಹಾಕಿದ್ದಾಯಿತು, ಆಟ ಶುರುವಾಯಿತು. ರಸ್ತೆ ಎಷ್ಟು ಚೆಂದ ಅಂತೀರಿ! ಒಂದು ಗುಂಡಿ ಇಲ್ಲ. ಇದು ರಾಯಚೂರಲ್ಲ ಅಂತ ಅಲ್ಲೇ ಗೊತ್ತಾಯಿತು. ಮಗ ಮೊದಲ ತಿರುವು ದಾಟಿದ. ಕರೆಂಟ್ ಹೋಯಿತು.

ಯುಪಿಎಸ್ ಕುಂಯ್ ಕುಂಯ್ ಎಂದಿತು. 600 ವಿಎ ಅಂತ ದೊಡ್ಡದಾಗಿ ಬರೆದ ಡಬ್ಬಿ. ಒಳಗಿನ ಬ್ಯಾಟರಿ 12 ವೋಲ್ಟ್, 7 ಆಂಪಿಯರ್-ಅವರ್. ಗುಣಿಸಿದರೆ 84 ವ್ಯಾಟ್-ಅವರ್, ಅದೂ ಹೊಸದಿದ್ದಾಗ. ನಮ್ಮದಕ್ಕೆ ಮೂರು ವರ್ಷ. ಮಗ ಕಾರನ್ನು ರಸ್ತೆ ಬದಿಗೆ ನಿಲ್ಲಿಸುವಷ್ಟು ಹೊತ್ತು ಕೊಟ್ಟಿತು, ಪಾಪ.

ದೂರು ಕೊಡುವ ನಂಬರಿಗೆ ಫೋನ್ ಹಚ್ಚಿದೆ. ಏಳನೇ ಸಲಕ್ಕೆ ಎತ್ತಿದರು.

"ಲೋಡ್ ಜಾಸ್ತಿ ಆಗ್ಯಾದ್ರಿ ಸರ್. ಅದಕ್ಕ ಟ್ರಿಪ್ ಹೊಡದಾದ."

"ಇಷ್ಟು ಹೊತ್ತು ಚೆನ್ನಾಗೇ ಇತ್ತಲ್ರಿ?"

"ನಿಮ್ಮ ಓಣ್ಯಾಗ ಯಾರೋ ಹೊಸದೇನೋ ಹಚ್ಚ್ಯಾರ ನೋಡ್ರಿ. ನಿಮ್ಮ ಮನ್ಯಾಗ ಏನರ ತಂದೀರೇನು?"

ಮೊಬೈಲ್ ಸ್ಪೀಕರಿನಲ್ಲಿತ್ತು. ಟಾರ್ಚ್ ಬೆಳಕಿನಲ್ಲಿ ತಿರುಗಿ ನೋಡಿದೆ. ಮಗ ಸದ್ದಿಲ್ಲದೆ ಕ್ಯಾಬಿನೆಟ್ ಮೇಲೆ ಟವೆಲ್ ಹೊದಿಸುತ್ತಿದ್ದ.

"ಇಲ್ರಿ" ಎಂದೆ. "ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ."