ಗಾಜಿನ ಚೌಕಟ್ಟಿನೊಳಗಿನ ಹಕ್ಕುಗಳು

ಆಸ್ಪತ್ರೆಗಳಲ್ಲಿ ರೋಗಿಯ ಹಕ್ಕುಗಳು ಅತ್ಯಂತ ಸುರಕ್ಷಿತವಾಗಿವೆ. ಸ್ವಾಗತ ಕೌಂಟರಿನ ಹಿಂದಿನ ಗೋಡೆಯಲ್ಲಿ, ಯಾರ ಕೈಗೂ ನಿಲುಕದ ಎತ್ತರದಲ್ಲಿ, ಗಾಜಿನ ಚೌಕಟ್ಟಿನೊಳಗೆ ಅವು ಧೂಳು ತಾಗದಂತೆ ಕುಳಿತಿವೆ. ವಿಶ್ವ ವೈದ್ಯಕೀಯ ಸಂಘವು 1981ರಲ್ಲಿ ಲಿಸ್ಬನ್‌ನಲ್ಲಿ ಅವುಗಳನ್ನು ಘೋಷಿಸಿದಾಗ, ಅವು ವಾರ್ಡಿನವರೆಗೂ ನಡೆದು ಬರಬೇಕೆಂದು ಯಾರಾದರೂ ಭಾವಿಸಿದ್ದರೆ ಅದು ಅವರ ಮುಗ್ಧತೆ.

ಒಪ್ಪಿಗೆ ಪತ್ರವನ್ನೇ ನೋಡಿ. ಶಸ್ತ್ರಚಿಕಿತ್ಸೆಯ ಲಾಭವೇನು, ಅಪಾಯವೇನು, ಬೇರೆ ದಾರಿ ಇದೆಯೇ, ಸುಮ್ಮನಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಸಿ ಹೇಳುವುದು ಅದನ್ನು ಮಾಡುವ ವೈದ್ಯರ ಹೊಣೆ. ನರ್ಸ್ ಹೆಚ್ಚೆಂದರೆ ಸಹಿಗೆ ಸಾಕ್ಷಿ. ಆದರೆ ವೈದ್ಯರು ಅಷ್ಟರಲ್ಲಿ ಆಪರೇಷನ್ ಥಿಯೇಟರ್ ಸೇರಿರುತ್ತಾರೆ. ಹಿಂಭಾಗದ ದಾರ ಬಿಚ್ಚಿಹೋದ ಗೌನಿನಲ್ಲಿ, ಬಲಗೈಗೆ ಡ್ರಿಪ್ಪಿನ ಕ್ಯಾನುಲಾ ಹಾಕಿಸಿಕೊಂಡು, ಕನ್ನಡಕವನ್ನು ಮನೆಯವರ ಚೀಲಕ್ಕೆ ಒಪ್ಪಿಸಿ ಟ್ರಾಲಿಯ ಮೇಲೆ ಮಲಗಿದವನ ಎಡಗೈಗೆ ಪೆನ್ನು ಹಿಡಿಸಿ, "ಇಲ್ಲೊಂದು, ಹಿಂದಿನ ಪುಟದಲ್ಲೊಂದು" ಎನ್ನಲಾಗುತ್ತದೆ. "ಯಾಕೆ ಸಿಸ್ಟರ್?" ಎಂದು ಕೇಳಿದರೆ "ಏನಿಲ್ಲ, ಫಾರ್ಮಾಲಿಟಿ" ಎಂಬ ಉತ್ತರ ಸಿಗುತ್ತದೆ. ತನ್ನದೇ ದೇಹವನ್ನು ಇಷ್ಟು ಬೇಗ ಬರೆದುಕೊಡುವ ಅನುಕೂಲ ಯಾವ ನೋಂದಣಿ ಕಚೇರಿಯಲ್ಲೂ ಇಲ್ಲ.

ಖಾಸಗಿತನದ ಬಗ್ಗೆ ದೂರುವಂತೆಯೇ ಇಲ್ಲ, ಏಕೆಂದರೆ ಪರದೆ ಎಳೆದ ಮೇಲೆ ಮಾತೂ ಆಚೆ ಹೋಗದು ಎಂಬ ನಂಬಿಕೆ ಎಲ್ಲೆಡೆ ಇದೆ. ರೋಗಿಯಿರುವ ಕೋಣೆಯಲ್ಲೇ ಪಿಸುಗುಟ್ಟುವುದು ಕ್ರೌರ್ಯವೆಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ಅವರ ಮಾತನ್ನು ನಾವು ಶಿರಸಾವಹಿಸಿ ಪಾಲಿಸಿದ್ದೇವೆ: ಈಗ ಯಾರೂ ಪಿಸುಗುಟ್ಟುವುದಿಲ್ಲ. "ಹನ್ನೆರಡನೇ ಬೆಡ್ಡಿನ ಪಿತ್ತಕೋಶಕ್ಕೆ ಮೋಷನ್ ಆಯಿತಾ?" ಎಂಬ ವಿಚಾರಣೆ ಇಡೀ ವಾರ್ಡಿಗೆ ಕೇಳಿಸುತ್ತದೆ. ಪಿತ್ತಕೋಶದ ಸುತ್ತ ಒಬ್ಬ ಮನುಷ್ಯನೂ ಇದ್ದಾನೆ, ಆತನಿಗೊಂದು ಹೆಸರಿದೆ ಎಂಬುದು ಕೇಸ್ ಶೀಟಿನಲ್ಲಿ ಇದ್ದೇ ಇರುತ್ತದೆ, ಬೇಕಾದವರು ತೆಗೆದು ನೋಡಬಹುದು.

ಇಷ್ಟಾದರೂ ದೂರು ಬಂದರೆ ಆಡಳಿತ ಮಂಡಳಿ ಸುಮ್ಮನಿರುವುದಿಲ್ಲ, ನರ್ಸುಗಳಿಗೆ ಸಹಾನುಭೂತಿಯ ಕಾರ್ಯಾಗಾರ ನಡೆಸುತ್ತದೆ. ರೋಗಿಯ ಪಕ್ಕ ಕುಳಿತು, ಕಣ್ಣಲ್ಲಿ ಕಣ್ಣಿಟ್ಟು ಆಲಿಸಬೇಕೆಂದು ಅಲ್ಲಿ ಸ್ಲೈಡುಗಳ ಮೂಲಕ ಕಲಿಸಲಾಗುತ್ತದೆ. ಕಲಿತವರು ಅದೇ ರಾತ್ರಿ ಒಬ್ಬರೇ ಇಡೀ ವಾರ್ಡನ್ನು ನೋಡಿಕೊಳ್ಳುತ್ತಾರೆ. ಒಂದು ಕಡೆ ಡ್ರಿಪ್ ಮುಗಿದಿರುತ್ತದೆ, ಇನ್ನೊಂದು ಕಡೆ ಬೆಡ್‌ಪ್ಯಾನ್‌ಗೆ ಕರೆ ಬಂದಿರುತ್ತದೆ, ನಡುವೆ ಕಂಪ್ಯೂಟರಿನಲ್ಲಿ "ರೋಗಿಯ ಆತಂಕವನ್ನು ಆಲಿಸಲಾಯಿತು" ಎಂಬ ಚೌಕಕ್ಕೆ ಟಿಕ್ ಹಾಕುವುದು ಬಾಕಿ ಇರುತ್ತದೆ.

ತಮಾಷೆ ಸಾಕು. ಒದ್ದೆಯಾದ ಹಾಸಿಗೆಯಲ್ಲಿ ಬೆಲ್ ಒತ್ತುತ್ತಾ ಮಲಗಿರುವ ಮುದುಕಿಗೆ ಕಾರ್ಯಾಗಾರ ಬೇಕಿಲ್ಲ, ಇನ್ನೊಬ್ಬ ನರ್ಸ್ ಬೇಕು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳನ್ನು ಅಧ್ಯಯನ ಮಾಡಿದ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಸಂಗಡಿಗರು, ನರ್ಸೊಬ್ಬರ ಪಾಲಿಗೆ ಒಬ್ಬೊಬ್ಬ ಶಸ್ತ್ರಚಿಕಿತ್ಸೆಯ ರೋಗಿ ಹೆಚ್ಚಾದಂತೆಲ್ಲ 30 ದಿನಗಳೊಳಗಿನ ಸಾವಿನ ಸಾಧ್ಯತೆ ಶೇ 7ರಷ್ಟು ಏರುವುದನ್ನು 2002ರಲ್ಲೇ ಪ್ರಕಟಿಸಿದರು. ಅಂದಿನಿಂದ ಇದು ಗೊತ್ತಿಲ್ಲದ ಆಡಳಿತಗಾರರಿಲ್ಲ, ಗೊತ್ತಿದ್ದೂ ನೇಮಕಾತಿಯ ಕಡತವನ್ನು ಮುಚ್ಚಿಡುವವರಿದ್ದಾರೆ. ಬಿಡುಗಡೆಯ ದಿನ ಕೈಗಿಡುವ ಅಭಿಪ್ರಾಯ ಪತ್ರದಲ್ಲಿ ನರ್ಸ್ ನಗುಮೊಗದಿಂದ ಮಾತನಾಡಿದರೇ ಎಂದು ಕೇಳುತ್ತಾರೆ. ಆ ರಾತ್ರಿ ಅವರೊಬ್ಬರಿಗೆ ಎಷ್ಟು ಜನ ರೋಗಿಗಳಿದ್ದರು ಎಂಬ ಪ್ರಶ್ನೆ ಯಾವ ಪುಟದಲ್ಲೂ ಇಲ್ಲ.